ಮುಕ್ಕಾಂ ಬೆಳಗಾವಿ

ಉತ್ತರ ಕರ್ನಾಟಕದ ಹಳೆಯ ಕಾಗದಪತ್ರಗಳಲ್ಲಿ ವಿಳಾಸ ಶುರುವಾಗುವುದು ‘ಮು. ಪೋ.’ ಎಂಬ ಎರಡು ಅಕ್ಷರಗಳಿಂದ. ಮುಕ್ಕಾಂ ಪೋಸ್ಟ್. ಮುಕ್ಕಾಂ ಎಂದರೆ ಇಳಿದುಕೊಂಡ ಜಾಗ. ಅರಬ್ಬಿಯಿಂದ ಹೊರಟು ಪಾರಸಿ, ಮರಾಠಿಗಳ ದಾರಿಯಲ್ಲಿ ನಮ್ಮ ಕಡೆಗೆ ಬಂದ ಮಾತು. ಹುಟ್ಟಿದ ಊರಲ್ಲೇ ಬೆಳೆದು ಅಲ್ಲೇ ಮಣ್ಣಾಗುವವರೂ ತಮ್ಮ ಊರನ್ನು ಮುಕ್ಕಾಂ ಎಂದೇ ಬರೆದುಕೊಂಡರು. ಇದರ ಜೊತೆಗೆ ಇನ್ನೊಂದು ಮಾತಿದೆ, ವಸ್ತಿ. ರಾತ್ರಿ ಉಳಿಯುವುದು ವಸ್ತಿ. ಸಂಜೆ ಹಳ್ಳಿಗೆ ಹೋಗಿ, ಅಲ್ಲೇ ನಿಂತು, ನಸುಕಿನಲ್ಲಿ ಪೇಟೆಗೆ ಹೊರಡುವ ಬಸ್ಸು ‘ವಸ್ತಿ ಬಸ್ಸು’. ಅದರ ಡ್ರೈವರು ಕಂಡಕ್ಟರುಗಳಿಗೆ ಬಸ್ಸಿನ ಸೀಟೋ ಗುಡಿಯ ಕಟ್ಟೆಯೋ ಹಾಸಿಗೆ. ಮುಕ್ಕಾಂ ಸಾಹೇಬರದು, ವಸ್ತಿ ಸಿಬ್ಬಂದಿಯದು ಎನ್ನಬಹುದು. ಕೆಲಸದ ಮೇಲೆ ಬಂದವರು ಪರಸ್ಥಳದಲ್ಲಿ ರಾತ್ರಿ ಕಳೆಯುವುದಕ್ಕೆ ಈ ಸೀಮೆಯಲ್ಲಿ ಬೇರೆ ಬೇರೆ ಹೆಸರುಗಳಿವೆ. ಅದಕ್ಕೆ ಇನ್ನೂರು ವರ್ಷಗಳ ಒಂದು ಕಥೆಯೂ ಇದೆ.

ಆ ಕಥೆ ನೆನಪಾಗುವುದು ಡಿಸೆಂಬರ್ ಬಂದಾಗ. ಕರ್ನಾಟಕ ವಿಧಾನಮಂಡಲದ ಚಳಿಗಾಲದ ಅಧಿವೇಶನ ಬೆಳಗಾವಿಯಲ್ಲಿ ನಡೆಯುವ ಹೊತ್ತು ಅದು. ವಿಧಾನಸಭೆಯ 224 ಸದಸ್ಯರು, ಪರಿಷತ್ತಿನ 75 ಸದಸ್ಯರು. ಅವರ ಹಿಂದೆ ಕಾರ್ಯದರ್ಶಿಗಳು, ಸೆಕ್ಷನ್ ಅಧಿಕಾರಿಗಳು, ಮಾರ್ಷಲ್‌ಗಳು, ಸದನದ ಮಾತನ್ನು ಅಕ್ಷರಕ್ಕಿಳಿಸುವ ವರದಿಗಾರರು, ಆಪ್ತ ಸಹಾಯಕರು, ಡ್ರೈವರುಗಳು, ಪತ್ರಕರ್ತರು, ನಾನಾ ಜಿಲ್ಲೆಗಳಿಂದ ಬಂದೋಬಸ್ತಿಗೆ ಬಂದ ಪೊಲೀಸರು. ಬೆಂಗಳೂರಿನಿಂದ ಐನೂರು ಕಿಲೋಮೀಟರ್ ಹಾದಿ, ಸುಮಾರು ಎರಡು ವಾರದ ಕೆಲಸ. ಸದನದಲ್ಲಿ ಏನೇ ಚರ್ಚೆಯಾಗಲಿ, ಇಷ್ಟು ಜನಕ್ಕೆ ಮೊದಲು ಬೇಕಾದದ್ದು ಒಂದು ಖೋಲಿ, ಒಂದು ಬಕೆಟ್ ಬಿಸಿನೀರು, ಒಂದು ದಪ್ಪ ಹೊದಿಕೆ. ಬೆಳಗಾವಿಯ ಲಾಡ್ಜುಗಳು ಸಾಲದೆ ಹೋದರೆ ಎಂಬತ್ತು ಕಿಲೋಮೀಟರ್ ದೂರದ ಧಾರವಾಡ, ಅದಕ್ಕೂ ಇಪ್ಪತ್ತು ಕಿಲೋಮೀಟರ್ ಆಚೆಯ ಹುಬ್ಬಳ್ಳಿಯ ಕಡೆ ಕಣ್ಣು ಹೊರಳುತ್ತದೆ. ಸರ್ಕಾರವೇ ಲಾಡ್ಜಿನಲ್ಲಿ ಇಳಿದುಕೊಳ್ಳುವ ಈ ಹತ್ತು ಹನ್ನೆರಡು ದಿನಗಳನ್ನು ಖರ್ಚುವೆಚ್ಚದ ಸುದ್ದಿಯಾಗಿ ಓದಿ ಬಿಡುತ್ತೇವೆ. ಬಂದು ಹೋಗುವವರು ಈ ಊರುಗಳಲ್ಲಿ ಏನು ಬಿಟ್ಟು ಹೋದರು ಎಂದು ಹಿಂದಕ್ಕೆ ಹೋಗಿ ನೋಡಿದರೆ ಲೆಕ್ಕ ಬೇರೆಯಾಗಿ ಕಾಣುತ್ತದೆ.

ಪೇಶ್ವೆಗಳ ಆಳ್ವಿಕೆ ಮುಗಿದು 1818ರ ಹೊತ್ತಿಗೆ ಧಾರವಾಡ ಸೀಮೆ ಕಂಪನಿ ಸರ್ಕಾರದ ಕೈಗೆ ಬಂತು, ಮುಂದೆ ಮುಂಬಯಿ ಇಲಾಖೆಗೆ ಸೇರಿತು. ಆ ಇಲಾಖೆಯ ಆಡಳಿತದಲ್ಲಿ ಚಳಿಗಾಲಕ್ಕೆ ಒಂದು ವಿಶೇಷ ಸ್ಥಾನವಿತ್ತು. ಮಳೆಗಾಲದಲ್ಲಿ ಇಲ್ಲಿಯ ಎರೆಭೂಮಿಯಲ್ಲಿ ಗಾಡಿ ಹೂಡುವುದಿರಲಿ, ಕಾಲಿಟ್ಟರೆ ಕೆರವು ಅಲ್ಲೇ ಉಳಿಯುತ್ತದೆ. ದೀಪಾವಳಿ ಕಳೆದು ನೆಲ ಗಟ್ಟಿಯಾದ ಮೇಲೆ ಕಲೆಕ್ಟರ್, ಅವರ ಅಸಿಸ್ಟಂಟರು, ಮಾಮಲೇದಾರರು ತಿರುಗಾಟಕ್ಕೆ ಹೊರಡುತ್ತಿದ್ದರು. ಹಿಂಗಾರಿ ಜೋಳ, ಕಡಲೆ ಹೊಲದಲ್ಲಿ ನಿಂತಿರುವಾಗಲೇ ಪೈರಿನ ಆಣೆವಾರಿ ನೋಡಬೇಕು, ಕುಲಕರ್ಣಿಯ ದಫ್ತರ ತಪಾಸಣೆ ಮಾಡಬೇಕು, ತಕರಾರು ಕೇಳಬೇಕು. ಮಾವಿನ ತೋಪಿನಲ್ಲಿ ಡೇರೆ ಬೀಳುತ್ತಿತ್ತು. ಒಂದು ಡೇರೆಯಲ್ಲಿ ಕಚೇರಿ, ಇನ್ನೊಂದರಲ್ಲಿ ಸಾಹೇಬರ ವಸತಿ, ಹಿಂದಿನ ಸಾಲಿನಲ್ಲಿ ಶಿರಸ್ತೇದಾರ, ಕಾರಕೂನ, ಪಟ್ಟೇವಾಲಾ, ಅಡುಗೆಯವ.

ಸಾಹೇಬರ ಮುಕ್ಕಾಂ ಬಿದ್ದ ಹಳ್ಳಿಗೆ ಅದು ಹಬ್ಬವೂ ಹೌದು, ಹೊರೆಯೂ ಹೌದು. ಕಾಗದದಲ್ಲಿ ತಿಂಗಳುಗಟ್ಟಲೆ ಮಲಗಿದ್ದ ಅರ್ಜಿ ಡೇರೆಯ ಮುಂದೆ ಅರ್ಧ ತಾಸಿನಲ್ಲಿ ಇತ್ಯರ್ಥವಾಗುವುದಿತ್ತು. ಅದೇ ಡೇರೆಗೆ ಬೇಕಾದ ಸೌದೆ, ಕುದುರೆಯ ಮೇವು, ಹಾಲು, ಸಾಮಾನು ಸಾಗಿಸುವ ಗಾಡಿಗಳನ್ನು ಊರಿನವರು ಒದಗಿಸಬೇಕಾಗಿತ್ತು. ಅದರಲ್ಲಿ ದುಡ್ಡು ಕೊಟ್ಟು ತೆಗೆದುಕೊಂಡದ್ದೆಷ್ಟು, ಬಿಟ್ಟಿ ಮಾಡಿಸಿಕೊಂಡದ್ದೆಷ್ಟು ಎಂಬುದು ಮುಕ್ಕಾಮಿನಿಂದ ಮುಕ್ಕಾಮಿಗೆ ಬದಲಾಗುತ್ತಿತ್ತು. ಸರ್ಕಾರ ಮನೆ ಬಾಗಿಲಿಗೆ ಬಂದರೆ ಉಪಕಾರ ಯಾರಿಗೆ, ಖರ್ಚು ಯಾರದು ಎಂಬ ಪ್ರಶ್ನೆ ಇವತ್ತಿನದಲ್ಲ.

ಆದರೆ ಈ ತಿರುಗಾಟದಿಂದ ಕನ್ನಡಕ್ಕೆ ದೊಡ್ಡ ಲಾಭವೂ ಆಯಿತು. ಮುಂಬಯಿ ಇಲಾಖೆಯ ನೌಕರಿಗೆ 1867ರಲ್ಲಿ ಬಂದ ಜಾನ್ ಫೇತ್‌ಫುಲ್ ಫ್ಲೀಟ್ 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣ ಇನ್ಸ್‌ಪೆಕ್ಟರ್ ಆದರು. ಶಾಲೆ ತಪಾಸಣೆಗೆ, ಆಮೇಲೆ ಕಂದಾಯದ ಕೆಲಸಕ್ಕೆ ಊರೂರು ತಿರುಗುವಾಗ ಗುಡಿಯ ಗೋಡೆ, ಅಗಸೆ, ಕೆರೆಯ ದಂಡೆಗಳಲ್ಲಿ ಕಂಡ ಶಾಸನಗಳನ್ನು ಓದುತ್ತ ಹೋದರು. ಕನ್ನಡ ನಾಡಿನ ರಾಜಮನೆತನಗಳ ಚರಿತ್ರೆಗೆ ಒಂದು ಕ್ರಮ ಸಿಕ್ಕಿದ್ದು ಅವರ ಈ ಕೆಲಸದಿಂದ. ಜನರ ಬಾಯಲ್ಲಿದ್ದ ಲಾವಣಿಗಳನ್ನೂ ಅವರು ಬರೆದುಕೊಂಡರು, ಸಂಗೊಳ್ಳಿ ರಾಯಣ್ಣನದು ಅವುಗಳಲ್ಲೊಂದು. ಕಂಪನಿ ಸರ್ಕಾರ ಗಲ್ಲಿಗೇರಿಸಿದವನ ಹಾಡನ್ನು ಅದರ ವಾರಸು ಸರ್ಕಾರದ ನೌಕರನೇ ಅಚ್ಚು ಹಾಕಿಸಿದ್ದು ಚರಿತ್ರೆಯ ಒಂದು ತಮಾಷೆ. ಇತ್ತ ಕನ್ನಡ ಶಾಲೆಗಳಿಗಾಗಿ ದುಡಿದ ಚನ್ನಬಸಪ್ಪನವರ ಹೆಸರಿಗೆ ‘ಡೆಪ್ಯುಟಿ’ ಎಂಬ ಹುದ್ದೆಯೇ ಅಂಟಿಕೊಂಡಿತು. ಮರಾಠಿಯೇ ಶಾಲೆಯ ಭಾಷೆಯಾಗಿದ್ದ ಕಡೆ ಕನ್ನಡ ಶಾಲೆಗಳನ್ನು ನಿಲ್ಲಿಸಿದ್ದು ಊರಿಂದ ಊರಿಗೆ ಅಲೆದು ಮಾಡಿದ ಕೆಲಸ. ಹೀಗೆ ಮುಕ್ಕಾಮಿನಲ್ಲಿ ಕಣ್ಣು ತೆರೆದಿಟ್ಟುಕೊಂಡವರಿಂದ ನಾಡಿಗೆ ಏನೋ ಉಳಿಯಿತು.

ಡೇರೆಯ ನಂತರ ಬಂದದ್ದು ರೈಲು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ತನ್ನ ಮುಖ್ಯ ಕಚೇರಿಯನ್ನು ಧಾರವಾಡದಲ್ಲಿ ಮಾಡಿತು. ಹುಬ್ಬಳ್ಳಿಯಲ್ಲಿ ಕಾರ್ಖಾನೆ ಎದ್ದಿತು. ಎಲ್ಲೆಲ್ಲಿಂದಲೋ ಬಂದ ಗುಮಾಸ್ತರು, ಫಿಟ್ಟರುಗಳು, ಗಾರ್ಡುಗಳು, ಡ್ರೈವರುಗಳು. ಹೆಂಡಿರು ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗಂಡಸರಿಗೆ ಎರಡು ಹೊತ್ತಿನ ಊಟ ಬೇಕಿತ್ತು. ಹುಬ್ಬಳ್ಳಿಯ ಹತ್ತಿಯ ಪೇಟೆಗೆ ಬರುವ ದಲಾಲರು, ಧಾರವಾಡದ ಕೋರ್ಟಿಗೆ ಬರುವ ಕಕ್ಷಿದಾರರಿಗೂ ಅದೇ ಬೇಕಿತ್ತು. ಖಾನಾವಳಿ ಈ ಊರುಗಳಲ್ಲಿ ಬೇರು ಬಿಟ್ಟದ್ದು ಇಂಥವರಿಂದ. ಬಿಸಿ ರೊಟ್ಟಿ, ಝುಣಕ, ಎಣಗಾಯಿ, ಕಾರೇಹಿಂಡಿ, ಮಜ್ಜಿಗೆ. ತಿಂಗಳ ಲೆಕ್ಕ ಹಚ್ಚಿದವರಿಗೆ ಅದು ಮನೆಯೇ. ದುಡ್ಡಿಲ್ಲದವರಿಗೆ ಮಠಗಳಿದ್ದವು. ಹುಬ್ಬಳ್ಳಿಯ ಸಿದ್ಧಾರೂಢರ ಮಠದಲ್ಲಿ, ಧಾರವಾಡದ ಮುರುಘಾಮಠದಲ್ಲಿ ಪರಸ್ಥಳದವರಿಗೆ, ಕಲಿಯಲು ಬಂದ ಹುಡುಗರಿಗೆ ಪ್ರಸಾದವೂ ಇತ್ತು, ತಲೆಯ ಮೇಲೊಂದು ಸೂರೂ ಇತ್ತು. ರೈಲು ಓಡಿಸುವವರು ಮಾತ್ರ ಇವತ್ತಿಗೂ ಪಾಳಿ ಮುಗಿದ ಊರಲ್ಲಿ ‘ರನ್ನಿಂಗ್ ರೂಮ್’ನ ಮಂಚದ ಮೇಲೆ ನಿದ್ದೆ ಹೋಗಿ, ಕರೆ ಬಂದಾಗ ಎದ್ದು ಮರಳಿ ಹೊರಡುತ್ತಾರೆ.

ರೈಲು ಕಂಪನಿಯ ಕಚೇರಿ ಧಾರವಾಡಕ್ಕೆ ಕಾಯಂ ಎಂದು ಜನ ನಂಬಿದ್ದರೆ ಅದು ಆಶ್ಚರ್ಯವಲ್ಲ. ಅಷ್ಟು ಭದ್ರವಾದ ಕಲ್ಲಿನ ಕಟ್ಟಡ ಅದಕ್ಕಿತ್ತು. ಆದರೆ 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು. ಕೇಂದ್ರ ಮದ್ರಾಸಿಗೆ ಸರಿಯಿತು. ಕಾಲು ಶತಮಾನದ ಮುಕ್ಕಾಂ ಎದ್ದು ಹೋಯಿತು. ಬಿಟ್ಟು ಹೋದ ಕಟ್ಟಡಕ್ಕೆ 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು ಬಂದು ನೆಲೆಸಿತು. ರೈಲ್ವೆಯ ಜಮಾಖರ್ಚು ಬರೆದ ಕೋಣೆಗಳಲ್ಲಿ ಆಮೇಲೆ ಕನ್ನಡ ಸಾಹಿತ್ಯದ ಎಷ್ಟೋ ದೊಡ್ಡ ಹೆಸರುಗಳು ಓದಿದವು, ಓದಿಸಿದವು. ಕಚೇರಿ ಹೋದರೂ ಊರು ಕಟ್ಟಡವನ್ನು ಬಿಟ್ಟುಕೊಡಲಿಲ್ಲ. ಬಂದವರು ಬಿಟ್ಟು ಹೋದದ್ದನ್ನು ತನ್ನದಾಗಿಸಿಕೊಳ್ಳುವುದು ಧಾರವಾಡದ ಹಳೆಯ ಜಾಣತನ.

ಈ ಸೀಮೆ ಕಂಡ ದೊಡ್ಡ ಚಳಿಗಾಲದ ಮುಕ್ಕಾಂ 1924ರ ಡಿಸೆಂಬರಿನದು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ, ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯಲ್ಲಿ ನಡೆಯಿತು. ಸಾವಿರಾರು ಪ್ರತಿನಿಧಿಗಳಿಗೆ ಊರಲ್ಲಿ ಲಾಡ್ಜುಗಳಿರಲಿಲ್ಲ. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನದಲ್ಲಿ ಬಯಲಿನಲ್ಲೇ ಬಿದಿರು, ತಟ್ಟಿ, ಖಾದಿಯ ಒಂದು ಊರು ಎದ್ದಿತು. ಅದಕ್ಕೆ ವಿಜಯನಗರ ಎಂದು ಹೆಸರಿಟ್ಟರು. ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರ ಎಂಬ ಹೆಸರಾಯಿತು. ಗಾಂಧೀಜಿಗಾಗಿ ಸುಮಾರು 350 ರೂಪಾಯಿ ಖರ್ಚಿನಲ್ಲಿ ಒಂದು ಕುಟೀರ ಕಟ್ಟಿದ್ದರು. ಅದನ್ನು ನೋಡಿ ಅವರು ಇದು ಅರಮನೆಯಾಯಿತು ಎಂದು ಆಕ್ಷೇಪಿಸಿದ್ದನ್ನು ಬೆಳಗಾವಿಯವರು ಈಗಲೂ ಹೇಳುತ್ತಾರೆ.

ಈ ಮುಕ್ಕಾಮಿಗೆ ಹುಬ್ಬಳ್ಳಿ-ಧಾರವಾಡದ ಪಾಲು ದೊಡ್ಡದು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಹಿಂದಿನ ವರ್ಷವಷ್ಟೇ ಕಾಕಿನಾಡದಲ್ಲಿ ಹುಟ್ಟುಹಾಕಿದ್ದ ಹಿಂದುಸ್ತಾನಿ ಸೇವಾದಳದ ಶಿಸ್ತಿಗೆ ಇದು ಮನೆಯಂಗಳದ ಪರೀಕ್ಷೆ. ಪಾಯಖಾನೆ ತೊಳೆಯುವುದರಿಂದ ಹಿಡಿದು ಎಲ್ಲ ಕೆಲಸವನ್ನೂ ಸ್ವಯಂಸೇವಕರೇ ಮಾಡಿದರು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿದ್ದು ಅಲ್ಲೇ. ಧಾರವಾಡದಿಂದ ಹೋಗಿ ಸ್ವಾಗತ ಗೀತೆ ಹಾಡಿದ ಹುಡುಗಿಯರಲ್ಲಿ ಮುಂದೆ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಆಗಿ ಹೆಸರಾದವರೂ ಇದ್ದರು. ಅದೇ ಮಂಟಪದಲ್ಲಿ ಹುಬ್ಬಳ್ಳಿಯ ವಕೀಲ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತು ಕೂಡಿತು. ಜನವರಿ ಬರುವುದರೊಳಗೆ ವಿಜಯನಗರದ ತಟ್ಟಿಗಳನ್ನು ಬಿಚ್ಚಿದರು. ಉಳಿದದ್ದು ಎರಡು: ಇಂದಿಗೂ ಕಾಂಗ್ರೆಸ್ ಬಾವಿ ಎನಿಸಿಕೊಳ್ಳುವ ಆ ಬಾವಿ, ಮತ್ತು ಕನ್ನಡದವರೆಲ್ಲ ಒಂದೇ ಆಡಳಿತದಲ್ಲಿ ಇರಬೇಕು ಎಂಬ ಮಾತು.

ಆ ಮಾತು 1956ರ ನವೆಂಬರ್ 1ರಂದು ನಿಜವಾಯಿತು. ನಿಜವಾದ ದಿನದಿಂದಲೇ ಪ್ರವಾಸದ ದಿಕ್ಕು ಬದಲಾಯಿತು. ಅದುವರೆಗೆ ಧಾರವಾಡದವರು ಹೈಕೋರ್ಟಿಗೆ, ಸರ್ಕಾರದ ಕೆಲಸಕ್ಕೆ ಮುಂಬಯಿ ರೈಲು ಹತ್ತುತ್ತಿದ್ದರು. ಕರ್ನಾಟಕ ವಿಶ್ವವಿದ್ಯಾಲಯವೇ 1949ರಲ್ಲಿ ಮುಂಬಯಿಯಲ್ಲಿ ಕಚೇರಿ ತೆರೆದು ಧಾರವಾಡಕ್ಕೆ ಬಂದದ್ದು. ಈಗ ಬೆಂಗಳೂರಿನ ರೈಲು. ಭಾಷೆ ನಮ್ಮದಾಯಿತು, ದೂರ ಹಾಗೇ ಉಳಿಯಿತು. ಪಿಂಚಣಿ ಕಾಗದ, ವರ್ಗಾವಣೆ, ನೀರಾವರಿ ಪರಿಹಾರ, ರಿಟ್ ಅರ್ಜಿ, ಯಾವುದೇ ಇರಲಿ, ರಾತ್ರಿ ರೈಲಿಗೆ ಹತ್ತಿ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು, ಹತ್ತಿರದ ಲಾಡ್ಜಿನಲ್ಲಿ ಮುಖ ತೊಳೆದು ವಿಧಾನಸೌಧಕ್ಕೆ ಹೋಗಬೇಕು. ಸಾಹೇಬರು ಇಲ್ಲ, ನಾಳೆ ಬರ್ರಿ ಎಂದರೆ ಇನ್ನೊಂದು ವಸ್ತಿ. ಲಾಡ್ಜಿನ ದುಡ್ಡು ಸಾಲದವರಿಗೆ ಗುಬ್ಬಿ ತೋಟದಪ್ಪನವರ ಛತ್ರ ಇತ್ತು. ಪ್ರವಾಸಿಗರು ಮತ್ತು ವಿದ್ಯಾರ್ಥಿಗಳಿಗೆಂದು ಆ ವ್ಯಾಪಾರಿ ಶತಮಾನದ ಹಿಂದೆ ರೈಲ್ವೆ ಸ್ಟೇಷನ್ ಎದುರಿಗೆ ಮಾಡಿಟ್ಟ ಪುಣ್ಯದ ಕೆಲಸ ಅದು. ಗಾಂಧಿನಗರದ ಓಣಿಗಳಲ್ಲಿ ಉತ್ತರ ಕರ್ನಾಟಕದ ಖಾನಾವಳಿಗಳು ತೆರೆದದ್ದು ಸುಮ್ಮನೆ ಅಲ್ಲ. ಅಲ್ಲಿ ರೊಟ್ಟಿ ಮುರಿಯುತ್ತ ಕುಳಿತವರಲ್ಲಿ ಅನೇಕರು ಸರ್ಕಾರಕ್ಕಾಗಿ ಕಾಯುತ್ತಿದ್ದವರು. ಅವರಿಗೆ ದಿನಭತ್ಯೆ ಇರಲಿಲ್ಲ.

ವರ್ಷದಲ್ಲಿ ಹತ್ತು ದಿನವಾದರೂ ಸರ್ಕಾರವೇ ಇತ್ತ ಬರಲಿ ಎಂಬ ಬೇಡಿಕೆಯ ಬೇರು ಇಲ್ಲಿದೆ. 2006ರ ಸೆಪ್ಟೆಂಬರಿನಲ್ಲಿ ಎಚ್. ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ ಬೆಳಗಾವಿಯ ಕೆಎಲ್ಇ ಸಂಸ್ಥೆಯ ಆವರಣದಲ್ಲಿ ಮೊದಲ ಅಧಿವೇಶನ ಸೇರಿತು. ಬೆಳಗಾವಿ ತನಗೆ ಸೇರಬೇಕೆಂಬ ಮಹಾರಾಷ್ಟ್ರದ ಪಟ್ಟಿಗೆ ಅದು ಉತ್ತರವೂ ಆಗಿತ್ತು. ಮುಂದೆ ಹಲಗಾ-ಬಸ್ತವಾಡ ಗುಡ್ಡದ ಮೇಲೆ ಸುವರ್ಣ ವಿಧಾನಸೌಧ ಎದ್ದಿತು. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಅದನ್ನು ಉದ್ಘಾಟಿಸಿದಾಗ ಮುಖ್ಯಮಂತ್ರಿಯಾಗಿದ್ದವರು ಹುಬ್ಬಳ್ಳಿಯ ಜಗದೀಶ ಶೆಟ್ಟರ್. ಸದನಕ್ಕೆ ಕಾಯಂ ಮನೆ ಸಿಕ್ಕಿತು, ಸದಸ್ಯರಿಗೆ ಸಿಗಲಿಲ್ಲ. ಶಾಸಕರ ಭವನ ಕಟ್ಟಬೇಕೆಂಬ ಮಾತು ವರ್ಷವರ್ಷವೂ ಏಳುತ್ತದೆ. ವರ್ಷಕ್ಕೆ ಎರಡು ವಾರ ತುಂಬಿ ಐವತ್ತು ವಾರ ಖಾಲಿ ಬೀಳುವ ಭವನ ಯಾಕೆ ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಏಳುತ್ತದೆ.

ಹೀಗಾಗಿ ಡಿಸೆಂಬರ್ ಬಂತೆಂದರೆ ಜಿಲ್ಲಾಡಳಿತ ಲಾಡ್ಜುಗಳ ಖೋಲಿ ಎಣಿಸಲು ಹೊರಡುತ್ತದೆ. ಹುದ್ದೆಗೆ ತಕ್ಕ ಖೋಲಿ: ಮಂತ್ರಿಗಳಿಗೆ ಸರ್ಕಿಟ್ ಹೌಸು ಮತ್ತು ದೊಡ್ಡ ಹೋಟೆಲುಗಳು, ಕೆಳಗಿಳಿದಂತೆ ಒಂದೇ ಖೋಲಿಗೆ ಇಬ್ಬರು, ಮೂವರು. ತುಳಸಿ ಲಗ್ನ ಮುಗಿದು ಧನುರ್ಮಾಸ ಹಿಡಿಯುವ ಮೊದಲಿನ ಮದುವೆಗಳ ಸುಗ್ಗಿಯೂ ಇದೇ ಹೊತ್ತಿನದು. ಬೀಗರನ್ನು ಇಳಿಸಲು ಖೋಲಿ ಹುಡುಕುವ ಮನೆಯವರಿಗೆ ಸರ್ಕಾರ ಪೈಪೋಟಿಗೆ ನಿಲ್ಲುತ್ತದೆ. ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಎತ್ತರದಲ್ಲಿರುವ ಈ ಊರುಗಳಲ್ಲಿ ಡಿಸೆಂಬರಿನ ರಾತ್ರಿ 15 ಡಿಗ್ರಿಗಿಂತ ಕೆಳಗೆ ಇಳಿಯುವುದು ಸಾಮಾನ್ಯ. ಕಾಶ್ಮೀರದವರು ಕೇಳಿದರೆ ನಗುತ್ತಾರೆ. ಆದರೆ ಚಳಿಯನ್ನು ಥರ್ಮಾಮೀಟರ್ ನೋಡಿ ಅಳೆಯುವುದಲ್ಲ, ಮಲಗುವ ಜಾಗ ನೋಡಿ ಅಳೆಯಬೇಕು. ಹೋಟೆಲಿನ ಮೂರನೆಯ ಮಹಡಿಯಲ್ಲಿ ಅದು ಹಿತವಾದ ಹವೆ. ಸುವರ್ಣಸೌಧದ ಹತ್ತಿರ ಪೊಲೀಸರಿಗೆಂದು ಬಯಲಲ್ಲಿ ಹಾಕುವ ಡೇರೆಗಳಲ್ಲಿ, ಗುಡ್ಡದ ಗಾಳಿಯಲ್ಲಿ ರಾತ್ರಿ ಪಾಳಿ ನಿಂತ ಪೇದೆಗೆ ಅದು ಬೇರೆಯೇ ಚಳಿ. ಸೌಧದ ಎದುರಿನ ಗುಡಾರಗಳಲ್ಲಿ ಧರಣಿ ಕೂಡಲು ಬಂದ ರೈತರು, ಅಂಗನವಾಡಿ ಕಾರ್ಯಕರ್ತೆಯರು, ಅತಿಥಿ ಉಪನ್ಯಾಸಕರಿಗೆ ಅದು ಇನ್ನೂ ಬೇರೆ. ಇನ್ನೂರು ವರ್ಷದ ಹಿಂದಿನ ಮಾವಿನ ತೋಪಿನ ಆ ಹಿಂದಿನ ಸಾಲು ಮಾಯವಾಗಿಲ್ಲ.

ಇಂಥ ಚಳಿಗಾಲದ ಸಂಸಾರ ನಮ್ಮದೊಂದೇ ಅಲ್ಲ. 1953ರ ನಾಗಪುರ ಒಪ್ಪಂದದ ಮಾತಿನಂತೆ ಮಹಾರಾಷ್ಟ್ರದ ಚಳಿಗಾಲದ ಅಧಿವೇಶನ 1960ರಿಂದ ನಾಗಪುರದಲ್ಲಿ ಸೇರುತ್ತದೆ. ಆದರೆ ನಾಗಪುರ ಅದಕ್ಕೂ ಮೊದಲು ಮಧ್ಯಪ್ರಾಂತ್ಯದ ರಾಜಧಾನಿ, ಅಲ್ಲಿ ಶಾಸಕರ ನಿವಾಸವೂ ಇದೆ, ಮಂತ್ರಿಗಳ ಬಂಗಲೆಗಳೂ ಇವೆ. ಜಮ್ಮು-ಕಾಶ್ಮೀರದಲ್ಲಿ ಮಹಾರಾಜಾ ರಣಬೀರ್ ಸಿಂಗ್ 1872ರಲ್ಲಿ ಶುರುಮಾಡಿದ ದರ್ಬಾರಿನ ಸ್ಥಳಾಂತರ ಇನ್ನೂ ದೊಡ್ಡದು. ಬೇಸಿಗೆಗೆ ಶ್ರೀನಗರ, ಚಳಿಗಾಲಕ್ಕೆ ಜಮ್ಮು. ಕಡತಗಳು ಟ್ರಂಕಿನಲ್ಲಿ ಲಾರಿ ಹತ್ತುತ್ತಿದ್ದವು, ನೌಕರರು ಆರಾರು ತಿಂಗಳು ಸರ್ಕಾರಿ ಮನೆಗಳಲ್ಲಿ, ಹೋಟೆಲುಗಳಲ್ಲಿ ಬಿಡಾರ ಮಾಡುತ್ತಿದ್ದರು. ಕಡತಗಳು ಕಂಪ್ಯೂಟರಿಗೆ ಏರಿದ ಮೇಲೆ ಇದು ದಂಡದ ಖರ್ಚೆಂದು 2021ರಲ್ಲಿ ನಿಲ್ಲಿಸಿದರು. ನಿಂತಾಗ ಬೇಡವೆಂದು ಮೊದಲು ಕೂಗಿದವರು ಜಮ್ಮುವಿನ ವ್ಯಾಪಾರಿಗಳು. ಅಂಗಡಿ, ಹೋಟೆಲುಗಳ ಆದಾಯವಷ್ಟೇ ಅಲ್ಲ, ಒಬ್ಬರ ಊರಿನಲ್ಲಿ ಇನ್ನೊಬ್ಬರು ಆರು ತಿಂಗಳು ಬಾಳುವ ರೂಢಿ ಕಡಿದುಹೋಯಿತು ಎಂಬುದೂ ಆ ಕೂಗಿನಲ್ಲಿತ್ತು. 2025ರ ನವೆಂಬರಿನಲ್ಲಿ ಅದನ್ನು ಮತ್ತೆ ಆರಂಭಿಸಿದರು. ಕಡತ ತಂತಿಯಲ್ಲಿ ಹೋಗುತ್ತದೆ. ಮನುಷ್ಯ ಕಣ್ಣಿಂದ ಕಂಡು ಬರುವುದು ತಂತಿಯಲ್ಲಿ ಹೋಗುವುದಿಲ್ಲ.

ಹಾಗೆಂದು ಮುಕ್ಕಾಂ ಮಾಡಿದರೆ ಸಾಕೇ? ಈ ಪ್ರಶ್ನೆಗೆ ಧಾರವಾಡವೇ ಇನ್ನೊಂದು ಉತ್ತರ ಕೊಟ್ಟಿದೆ. ವಕೀಲರ ದಶಕಗಳ ಹೋರಾಟದ ನಂತರ 2008ರ ಜುಲೈನಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಯಿತು. ಹೆಸರೇ ಸಂಚಾರಿ. ನ್ಯಾಯಮೂರ್ತಿಗಳು ಬೆಂಗಳೂರಿನಿಂದ ಸರದಿಯ ಮೇಲೆ ಬಂದು ಹೋಗುವ ಏರ್ಪಾಡು. ಐದು ವರ್ಷ ಕಳೆದು 2013ರ ಆಗಸ್ಟಿನಲ್ಲಿ ಅದು ಕಾಯಂ ಪೀಠವಾಯಿತು. ನ್ಯಾಯಮೂರ್ತಿಗಳು ಈಗಲೂ ಬದಲಾಗುತ್ತಾರೆ. ಬದಲಾಗದೆ ನಿಂತದ್ದು ಪೀಠ, ದಫ್ತರ, ವರ್ಷವಿಡೀ ನಡೆಯುವ ಕಲಾಪ. ಗದಗಿನ, ಕೊಪ್ಪಳದ, ಕಾರವಾರದ ಕಕ್ಷಿದಾರನಿಗೆ ಮೆಜೆಸ್ಟಿಕ್‌ನ ಲಾಡ್ಜು ತಪ್ಪಿತು. ಬೆಳಿಗ್ಗೆ ಬಂದು, ವಕೀಲರನ್ನು ಕಂಡು, ಸಂಜೆಗೆ ಮನೆಗೆ ಹೋಗಬಹುದು. ಹುಬ್ಬಳ್ಳಿಗೂ ಹೀಗೇ ಆಯಿತು. 1908ರಲ್ಲಿ ಧಾರವಾಡದಿಂದ ಎದ್ದುಹೋದ ರೈಲ್ವೆ ಕೇಂದ್ರ, ಹುಬ್ಬಳ್ಳಿಯೋ ಬೆಂಗಳೂರೋ ಎಂಬ ಜಗ್ಗಾಟದ ನಂತರ, 2003ರ ಏಪ್ರಿಲ್ 1ರಿಂದ ನೈಋತ್ಯ ರೈಲ್ವೆ ವಲಯವಾಗಿ ಹುಬ್ಬಳ್ಳಿಗೆ ಬಂದು ಕುಳಿತಿತು. ಇವೆರಡೂ ಅತಿಥಿಯಾಗಿ ಬಂದವರಿಗೆ ಮನೆ ಕಟ್ಟಿಕೊಟ್ಟು ಇಲ್ಲೇ ಉಳಿಸಿಕೊಂಡ ಉದಾಹರಣೆಗಳು.

ಬೆಳಗಾವಿಯ ಅಧಿವೇಶನ ಈ ಎರಡರ ನಡುವೆ ನಿಂತಿದೆ. ಅದಕ್ಕೆ ಗುಡ್ಡದ ಮೇಲೆ ದೊಡ್ಡ ಮನೆಯಿದೆ, ಸಂಸಾರವಿಲ್ಲ. ಕೆಲವು ಕಚೇರಿಗಳು ಅಲ್ಲಿಗೆ ಬಂದಿವೆ, ಮಾಹಿತಿ ಆಯೋಗದ ಪೀಠವೂ ಇದೆ. ಆದರೆ ಒಂದು ಕಡತಕ್ಕೆ ಕೊನೆಯ ಸಹಿ ಹಾಕುವ ಅಧಿಕಾರಿ ಕೊನೆಯ ದಿನದ ಸಂಜೆಯೇ ಬೆಂಗಳೂರಿನ ರೈಲು ಹಿಡಿಯುತ್ತಾರೆ. ಖರ್ಚಾಯಿತು ಎಂಬ ದೂರಿಗಿಂತ ಈ ದೂರು ದೊಡ್ಡದು. ಶಾಸಕರ ಭವನ ಕಟ್ಟುವುದೋ ಬೇಡವೋ ಎಂಬ ಚರ್ಚೆಯನ್ನು ಇದರ ಜೊತೆಗಿಟ್ಟು ನೋಡಬೇಕು. ಮಂಚಗಳ ಕೊರತೆಯನ್ನು ಲಾಡ್ಜುಗಳು ಹೇಗೋ ತುಂಬಿಕೊಡುತ್ತವೆ, ಅದರಿಂದ ಊರಿಗೆ ನಾಲ್ಕು ಕಾಸೂ ಆಗುತ್ತದೆ. ಸಹಿ ಹಾಕುವ ಕೈಯ ಕೊರತೆಯನ್ನು ಯಾವ ಲಾಡ್ಜೂ ತುಂಬಲಾರದು.

ಲಾಡ್ಜಿಗೆ ಹೋದರೆ ಕೌಂಟರಿನ ಮೇಲೆ ಉದ್ದನೆಯ ರಿಜಿಸ್ಟರ್ ಇರುತ್ತದೆ. ಹೆಸರು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುವಿರಿ, ಬಂದ ಕಾರಣ. ಡಿಸೆಂಬರಿನ ಪುಟಗಳಲ್ಲಿ ಕಾರಣದ ಕಾಲಂನಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಉತ್ತರ, ಸರ್ಕಾರಿ ಕೆಲಸ. ಮೆಜೆಸ್ಟಿಕ್‌ನ ರಿಜಿಸ್ಟರುಗಳಲ್ಲಿ ಹುಬ್ಬಳ್ಳಿ, ಹಾವೇರಿ, ಬಾಗಲಕೋಟೆಯ ಜನ ವರ್ಷವಿಡೀ ಅದೇ ಕಾಲಂನಲ್ಲಿ ಅದೇ ಮಾತು ಬರೆಯುತ್ತ ಬಂದಿದ್ದಾರೆ. ಬೆಳಗಾವಿಯ ಪುಟಗಳನ್ನು ಖರ್ಚಿನ ಲೆಕ್ಕಕ್ಕೆ ಹಿಡಿಯುವವರು ಬೆಂಗಳೂರಿನ ಆ ಪುಟಗಳನ್ನೂ ಒಮ್ಮೆ ಕೂಡಿಸಿ ನೋಡಬೇಕು.